ಸೊಳ್ಳೆಗೆ ಸಿಗದ ಗೋಲ್‌ಕೀಪರ್

ಬಿಸಿಲಿಗೆ ಒಣಹಾಕಿದ ಹಾಕಿ ಪ್ಯಾಡುಗಳ ಬೆವರು ವಾಸನೆ ಮಡಿಕೇರಿಯ ನಮ್ಮ ಮನೆಯ ಜಗಲಿಯ ತುಂಬ ಇರುತ್ತಿತ್ತು. ನನ್ನಣ್ಣ ಗೋಲ್‌ಕೀಪರ್. ಆ ವಾಸನೆ ಮತ್ತೆ ನೆನಪಾದದ್ದು ದೆಹಲಿಯ ಲೋಧಿ ಕಾಲೋನಿಯಲ್ಲಿ, ಮೊಮ್ಮಗಳು ಪ್ರೇರಣಾ ಕಿಟಕಿಗೆ ಮುಖ ಒತ್ತಿ ಮಕ್ಕಳ ಹಾಕಿ ಆಟ ನೋಡುತ್ತಿದ್ದಾಗ.

ಅವಳಿಗೆ ಸೊಳ್ಳೆ ಕಡಿತದ ಅಲರ್ಜಿ. ಒಂದು ಕಚ್ಚಿದರೂ ಕಣ್ಣು ಮುಚ್ಚಿಹೋಗುವಷ್ಟು ಮುಖ ಊದುತ್ತಿತ್ತು. ಹಾಗಾಗಿ ಸೊಸೆ ತಂಗಮ್ಮ ಸಂಜೆಯ ಹಾಕಿ ನಿಲ್ಲಿಸಿದ್ದಳು.

"ಗೋಲ್‌ಕೀಪರ್ ಆಗಲಿ ತಂಗಮ್ಮ. ತಲೆಯಿಂದ ಕಾಲಿನವರೆಗೂ ಮೈ ಮುಚ್ಚಿರುತ್ತೆ. ಮುಖಕ್ಕೆ ಡಾಕ್ಟರ್ ಕೊಟ್ಟ ಕ್ರೀಮ್ ಇದೆಯಲ್ಲ," ಎಂದೆ.

"ಮಚ್ಛರ್ ಕೋ ನೋ ಎಂಟ್ರಿ, ಅಜ್ಜಿ," ಎಂದು ಪ್ರೇರಣಾ ಸೊಳ್ಳೆಗಳನ್ನು ತಡೆಯುವಂತೆ ಕೈ ಅಡ್ಡ ಹಿಡಿದು ನಕ್ಕಳು.

"ಒಂದೇ ಮ್ಯಾಚ್, ಅತ್ತೆ. ಊದಿದರೆ ಹಾಕಿ ಬಂದ್," ಎಂದಳು ತಂಗಮ್ಮ.

ಮ್ಯಾಚಿನ ದಿನ ಪ್ಯಾಡು ಪ್ರೇರಣಾಳಿಗೆ ದೊಡ್ಡದಾಗಿತ್ತು. ಎದುರು ತಂಡದ ಹುಡುಗಿಯೊಬ್ಬಳು ತಾನಾಗಿ ಬಂದು ಕಾಲ ಹಿಂದಿನ ಪಟ್ಟಿ ಬಿಗಿದುಕೊಟ್ಟಳು. ಆಟದ ಕೊನೆಯಲ್ಲಿ ಅದೇ ಹುಡುಗಿ ಹೊಡೆದ ಪೆನಾಲ್ಟಿ ಸ್ಟ್ರೋಕನ್ನು ಪ್ರೇರಣಾ ಎಡಕ್ಕೆ ಹಾರಿ ತಡೆದಳು. ನಾವು ಒಂದು ಗೋಲಿನಿಂದ ಗೆದ್ದೆವು. ಮೈದಾನವೆಲ್ಲ ಅವಳ ಹೆಸರು ಕೂಗಿತು.

ತಂಗಮ್ಮ ಮಾತ್ರ ಕೂಗಲಿಲ್ಲ. ಮಗಳ ಹೆಲ್ಮೆಟ್ ತೆಗೆಸಿ ಹಣೆ, ಕಣ್ಣು, ಕುತ್ತಿಗೆ ಎಲ್ಲ ನೋಡಿದಳು. ಎಲ್ಲೂ ಊತವಿರಲಿಲ್ಲ.

"ನಾಳೆ ಪ್ರಾಕ್ಟೀಸ್ ಎಷ್ಟು ಹೊತ್ತಿಗೆ?" ಎಂದು ಕೇಳಿದಳು. ಆಮೇಲೆ ಚೀಲದಿಂದ ಅಕ್ಕಿ ರೊಟ್ಟಿಯ ಡಬ್ಬಿ ತೆಗೆದು ಮಗಳ ಕೈಗಿಟ್ಟಳು.