ಕುರ್ರ್ ಅಂದರೂ ಏಳದ ಕೂಸು

೧

ಈ ಕಥೆಯನ್ನು ಯಾವ ಕಡೆಯಿಂದ ಎಬ್ಬಿಸಬೇಕೋ ತಿಳಿಯುತ್ತಿಲ್ಲ. ಮೊದಲ ಡ್ರಾಫ್ಟನ್ನು ಜೀನಿನಿಂದ ಶುರು ಮಾಡಿದ್ದೆ: "ಮನುಷ್ಯನಿಗೆ ಎಷ್ಟು ನಿದ್ದೆ ಬೇಕು ಎಂಬುದರಲ್ಲಿ ವಂಶವಾಹಿಗಳ ಪಾಲೂ ಇದೆ..." ಎರಡನೇ ಸಾಲಿಗೆ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ. (ಫೋನಿನಲ್ಲಿ ಬರೆಯುವವನು ಏನು ಹರಿಯುತ್ತಾನೆ? ಡಿಲೀಟ್ ಮಾಡಿದೆ. ಹರಿದೆ ಅಂದರೆ ಸಾಹಿತಿ ಅನ್ನಿಸುತ್ತೇನೆ, ಇರಲಿ ಬಿಡಿ.)

೨

ಹಾಗಾದರೆ ಫಕೀರಮ್ಮನಿಂದ ಶುರು ಮಾಡೋಣ. ಕುಕನೂರಿನಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಇವಳ ಮನೆತನದಲ್ಲಿ ಯಾರೂ ನಾಲ್ಕು ತಾಸಿನ ಮೇಲೆ ಮಲಗುವುದಿಲ್ಲ. ಇವಳಪ್ಪ ಮಲಗಲಿಲ್ಲ, ಅಜ್ಜಿ ಮಲಗಲಿಲ್ಲ. ಓಣಿಯ ಕೋಳಿ ಇವಳ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಎಚ್ಚರಾಗುತ್ತದೆ. ಮಗ ಮರಿಸ್ವಾಮಿಯೂ ತನ್ನ ಹಾಗೇ ಎಂಬುದು ಅವಳ ಹೆಮ್ಮೆ. ಸೊಸೆ ಸುಕನ್ಯಾ ಮಾತ್ರ ಮುನಿರಾಬಾದಿನವಳು. ಅವಳ ತವರಿನವರಿಗೆ ಒಂಬತ್ತು ತಾಸು ನಿದ್ದೆ ಬೇಕೇ ಬೇಕು. ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುವಾಗಿನ ಸೈರನ್ನಿಗೂ ಮಗ್ಗುಲು ಬದಲಿಸುವವರಲ್ಲ.

"ಸೋಮಾರಿ ಅಂತ ಬರಿಯೋ ತಮ್ಮಾ," ಅಂದಳು ಫಕೀರಮ್ಮ, ನನ್ನ ಸಾಲಿನೊಳಗಿಂದಲೇ.

"ಬರಿಯಂಗಿಲ್ಲಬೇ. ಎದ್ದ ಮ್ಯಾಲೆ ಆಕಿನೂ ನಿಮ್ಮಷ್ಟ ರೊಟ್ಟಿ ಬಡೀತಾಳ."

"ಏಳೂದು ಯಾವಾಗಪಾ?"

೩

ಹೆರಿಗೆಗೆಂದು ತವರಿಗೆ ಹೋದ ಸುಕನ್ಯಾಳಿಗೆ ಹೆಣ್ಣು ಕೂಸು ಹುಟ್ಟಿದೆ. ಇವತ್ತು ಮುನಿರಾಬಾದಿನ ಮನೆಯಲ್ಲಿ ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ. ಫಕೀರಮ್ಮನ ಮನೆತನದಲ್ಲೊಂದು ಕಟ್ಟಳೆ: ಮಲಗಿದ ಕಿವಿಗೆ ಹೆಸರು ಹೇಳಬಾರದು. ಅದಕ್ಕೆ ಇವತ್ತು ತನ್ನದೂ ಒಂದು ಬಾಲ ಅಂಟಿಸಿ ಹೊಸ್ತಿಲಲ್ಲಿ ನಿಂತಳು.

"ಹೆಸರ ಇಡೂ ಮುಂದ ಕಿವ್ಯಾಗ ಕುರ್ರ್ ಅಂದ ಕೂಡ್ಲೆ ಕಣ್ಣ ಬಿಟ್ರ ನಮ್ಮ ರಕ್ತ. ತಾಯಿ-ಮಗಳನ್ನ ಕರಕೊಂಡು ಹೊಕ್ಕೀನಿ. ಇಲ್ಲಂದ್ರ ಇಬ್ರೂ ಇಲ್ಲೇ ಮಕ್ಕೊಳ್ಳಿ."

(ಇಲ್ಲೊಂದು ಜೋಕು ಇಟ್ಟಿದ್ದೆ. ಸುಕನ್ಯಾಳ ಮುಖ ನೋಡಿ ತೆಗೆದೆ.)

೪

ಸೋದರತ್ತೆ ಸುಮಂಗಲಾ, ಅಂದರೆ ಮರಿಸ್ವಾಮಿಯ ತಂಗಿ, ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ "ಕುರ್ರ್" ಅಂದಳು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಧಬಧಬ ಗುದ್ದಿದರು. ಕೂಸು ಏಳಲಿಲ್ಲ. ಮತ್ತೆ ಕುರ್ರ್, ಮತ್ತೆ ಗುದ್ದು.

"ಯವ್ವಾ, ಏಳಬೇಕಾಗಿದ್ದು ಕೂಸು! ಗುದ್ದು ನನಗ್ಯಾಕ?"

"ಹೆಸರ ಹೇಳೂತನಕ ಗುದ್ದಬೇಕವಾ," ಅಂದಳೊಬ್ಬ ಮುದುಕಿ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ.

ತಾಟು ಬಡಿದರು. ಮಿಕ್ಸರ್ ತಂದು ತೊಟ್ಟಿಲ ಪಕ್ಕದಲ್ಲೇ ಶೇಂಗಾ ಚಟ್ನಿ ಅರೆದರು. ಕೂಸು ನಿದ್ದೆಯಲ್ಲೇ ನಕ್ಕಿತು. ಸುಮಂಗಲಾ ಈಗ ನೆಟ್ಟಗೆ ನಿಲ್ಲಲಾರದೆ ತೊಟ್ಟಿಲ ಸರಪಳಿ ಹಿಡಿದುಕೊಂಡಿದ್ದಾಳೆ.

೫

ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಸುಕನ್ಯಾಳ ಅಣ್ಣ ಗೌತಮ ಅಡ್ಡ ಬಂದ. (ಮೊದಲ ಡ್ರಾಫ್ಟಿನ ಜೀನು ಎಲ್ಲಿಗೂ ಹೋಗಿರಲಿಲ್ಲ.)

"ಅತ್ತಿ, ಕೂಸುಗೋಳು ಮಲಗೂದ ಜಾಸ್ತಿ. ಇದಕ್ಕ ಯಾರ ಜೀನ್ ಬಂದೈತಿ ಅಂತ ಕುರ್ರ್ ಅಂದು ಹೇಳಾಕ ಬರೂದಿಲ್ರಿ. ನಾಕ ತಾಸಿನ್ಯಾಗ ನಿದ್ದಿ ಮುಗಿಯೋರು ಭಾಳ ಅಪರೂಪ. ನಿಮಗ ರಕ್ತದಾಗ ಬಂದಿರಬಹುದು. ಹಂಗಂತ ಮಕ್ಕಳಿಗೆಲ್ಲಾ ಹೋಗಬೇಕು ಅಂತೇನಿಲ್ಲ."

"ನನ್ನ ಮಗಗ ಹೋಗೇತಿ! ನೋಡು ಆಂವನ್ನ!"

ಎಲ್ಲರೂ ನೋಡಿದರು. ಊಟಕ್ಕೆಂದು ತಂದಿಟ್ಟ ಅಕ್ಕಿ ಚೀಲಕ್ಕೆ ಒರಗಿ, ಬಾಯಿ ತೆರೆದು, ಮರಿಸ್ವಾಮಿ ಗೊರಕೆ ಹೊಡೆಯುತ್ತಿದ್ದ.

ಸುಮಂಗಲಾ ತಾನು ತಿಂದ ಗುದ್ದುಗಳಲ್ಲೊಂದನ್ನು ಅವನ ಬೆನ್ನಿಗೆ ದಾಟಿಸಿದಳು. ಎದ್ದು ಕೂತ.

"ಹೌದಬೇ ಯವ್ವಾ," ಅಂದ. "ದಿನಾ ಗಂಗಾವತಿಗೆ ರೊಟ್ಟಿ ಕೊಡಾಕ ಹೋಗಿ ತಡಾ ಮಾಡಿ ಬರ್ತೀನಲ್ಲ, ರೈಸ್ ಮಿಲ್ಲಿನ ಚೀಲದ ಮ್ಯಾಲೆ ಮಲಗಿ ಬರ್ತೀನಿ. ನನಗ ನಿದ್ದಿ ಎಂದೂ ಸಾಲಿಲ್ಲ. ಸಣ್ಣಾಂವ ಇದ್ದಾಗಿಂದ ನೀ ಎಬ್ಬಿಸೀದಿ, ನಾ ಎದ್ದೀನಿ."

"ಮತ್ಯಾಕ ಹೇಳಲಿಲ್ಲೋ?"

"ಹೇಳಾಕ ಬಾಯಿ ತಗದಾಗೆಲ್ಲಾ ಆಕಳಿಕಿ ಬರ್ತಿತ್ತು."

ಸುಕನ್ಯಾ ಗಂಡನನ್ನು ನೋಡಿದ ರೀತಿಯನ್ನು ಬರೆಯಲು ಹೋಗಿ ಬಿಟ್ಟೆ. ಅದು ಯಾವ ನೋಟವೇ ಆಗಿರಲಿ, ಅವನು ಅದಕ್ಕೆ ತಕ್ಕವನೇ.

೬

ಮುಕ್ತಾಯ ಅ: ಕೂಸು ಕಣ್ಣು ಬಿಡುತ್ತದೆ, ಎಲ್ಲರೂ ಪೇಢೆ ತಿನ್ನುತ್ತಾರೆ.

"ಕೂಸು ಎದ್ದಿದ್ದಕ್ಕ ನಾ ಛಲೋ ಸೊಸಿ ಆಗೂದಾದ್ರ ಈ ಮುಕ್ತಾಯ ಬ್ಯಾಡ್ರಿ," ಅಂದಳು ಸುಕನ್ಯಾ. ಡಿಲೀಟ್.

ಮುಕ್ತಾಯ ಆ: ಇಡೀ ಕುಕನೂರು ಒಂಬತ್ತು ತಾಸು ಮಲಗಲು ಶುರು ಮಾಡುತ್ತದೆ.

"ಗಿರಾಕಿ ಮಣ್ಣ ತಿನ್ನಬೇಕೇನು?" ಅಂದಳು ಫಕೀರಮ್ಮ. ಅದೂ ಡಿಲೀಟ್.

ಮುಕ್ತಾಯ ಇ: ಸುಮಂಗಲಾ ಮತ್ತೊಮ್ಮೆ ತೊಟ್ಟಿಲಿಗೆ ಬಾಗಿದಳು ಎಂದು ಬರೆಯತೊಡಗಿದ್ದೆ. ಫಕೀರಮ್ಮ ನನ್ನ ಮಣಿಕಟ್ಟು ಹಿಡಿದಳು. ರೊಟ್ಟಿ ಬಡಿದ ಕೈ, ಬಿಡಿಸಿಕೊಳ್ಳಲಾಗಲಿಲ್ಲ.

"ಸಾಕು ನಿನ್ನ ಫೋನಿನ ಟಕಟಕ. ಮಲಗೇತಿ ಅದು."

"ಮತ್ತ ಹೆಸರು?"

"ಎದ್ದಾಗ ಇಡೂಣು."

"ಎಲ್ಲಿ?"

ಅವಳು ಮತ್ತೆ ಚೀಲಕ್ಕೆ ಒರಗಿದ್ದ ಮಗನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ದನಿ ತಗ್ಗಿಸಿ ಗೌತಮನನ್ನು ಕೇಳಿದಳು: "ತೊಟ್ಟಲಾ ಹಿಂಗ ಇದ್ದಂಗ ಗಾಡ್ಯಾಗ ಇಡಾಕ ಬರ್ತೈತೇನು?"

೭

ತೊಟ್ಟಿಲು ಟಾಟಾ ಏಸ್ ಗಾಡಿಯಲ್ಲಿದೆ. ಪಕ್ಕದಲ್ಲಿ ಸುಕನ್ಯಾ, ಅವಳ ಹೆಗಲಿಗೆ ಒರಗಿ ಮರಿಸ್ವಾಮಿ. ಕುಕನೂರಿಗೆ ಹೊರಟಿದ್ದಾರೆ ಎಂದು ಬರೆಯಲು ನನಗೂ ಆಸೆ. ಆದರೆ ಡ್ರೈವರ್ ಚಾವಿಗೆ ಕೈ ಹಾಕಿದಾಗಲೆಲ್ಲ ಫಕೀರಮ್ಮ "ಶ್!" ಅನ್ನುತ್ತಾಳೆ. (ಮಿಕ್ಸರಿಗೆ ಏಳದ ಕೂಸು!) ಗಾಡಿ ಅಲ್ಲೇ ನಿಂತಿದೆ. ಓಣಿಯವರು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದಾರೆ.

ನೀವೂ ಹಾಳೆ ತಿರುವುವುದಿದ್ದರೆ ಸ್ವಲ್ಪ ಮೆಲ್ಲಗೆ