ದ್ರಾಕ್ಷಾಯಣಮ್ಮನ ಹುಂಜ

ಹನ್ನೊಂದು ಗಂಟೆಯ ಬಿಸಿಲಲ್ಲಿ ಹುಂಜ ಕೂಗುವುದುಂಟೇ, ಹರಿಹರದ ಹುಂಜಗಳಿಗೂ ಹೊತ್ತುಗೊತ್ತಿಲ್ಲ, ಎಂದುಕೊಂಡು ಕೊಟ್ಟೂರಪ್ಪ ಬ್ಲಾಕ್ ಆಫೀಸಿನ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿದ — ಕೂಗಲಿ, ನಮಗೇನು, ನಾವು ಬಂದಿರುವುದು ಸರ್ಕಾರದ ಸಹಾಯಧನಕ್ಕೆ, ಈ ಸಲ ಬೆಳೆಗೆ ಔಷಧಿ ಹೊಡೆಯುವ ಪಂಪೇ ಇರಬೇಕು, ಹೋದ ವರ್ಷ ಕಬ್ಬಿಣದ ನೇಗಿಲು, ಅದರ ಹಿಂದಿನ ವರ್ಷ ಅರ್ಧ ಬೆಲೆಗೆ ಗೊಬ್ಬರ, ಪಂಚವಾರ್ಷಿಕ ಯೋಜನೆಯಾದರೂ ನಂದಿಗುಡಿಗೆ ಬರುವುದು ಪಂಚಾಯ್ತಿ ಚೇರ್ಮನ್ ಕೊಟ್ಟೂರಪ್ಪನ ಹೊಸ್ತಿಲು ದಾಟಿಯೇ, ಗ್ರಾಮಸೇವಕ ಶಿವಮೂರ್ತಪ್ಪನಿಗೆ ಹೇಳಿಟ್ಟಾಗಿದೆ, ಏನಾರ ಬರ್ಲಿ, ಪಟ್ಟಿಯಾಗ ಮೊದ್ಲು ನಮ್ಮನೆ ಹೆಸರು, ಪಾಪದ ಮನುಷ್ಯ, ಆಗ್ಲಿ ಗೌಡ್ರೆ ಎನ್ನುವುದು ಬಿಟ್ಟು ಬೇರೆ ಮಾತೇ ಕಲಿತಿಲ್ಲ. ಮೊನ್ನೆ ದಾವಣಗೆರೆ ಬಸ್ಸು ಹೊರಟಿತ್ತು, ಹತ್ತಿ ಮಾರಲು ಮಂಡಿಗೆ ಹೋಗುವ ಅವಸರ, ಒಂದು ಕಾಲು ಮೆಟ್ಟಿಲ ಮೇಲೆ, ಶಿವಮೂರ್ತಪ್ಪ ಓಡಿಬಂದು ಹಾಳೆ ಹಿಡಿದ, ಓಬವ್ವ ಒಬ್ಬಾಕಿದೇ ಅರ್ಜಿ ಐತ್ರಿ, ಯಾವ ಯೋಜನೆ ಎಂದು ಓದುತ್ತ ಕೂರಲು ಪುರುಸೊತ್ತು ಯಾರಿಗಿದೆ, ಜೇಬಿನ ಕೆಂಪು ಪೆನ್ಸಿಲ್ ತೆಗೆದು ಓಬವ್ವನ ಹೆಸರಿನ ಮೇಲೆ ಗೆರೆ, ಕಾರಣದ ಜಾಗದಲ್ಲಿ ಯೋಗ್ಯರಲ್ಲ, ಕೆಳಗೆ ಹೆಂಡತಿ ದ್ರಾಕ್ಷಾಯಣಮ್ಮನ ಹೆಸರು, ಎಲ್ಲ ಮುಗಿದದ್ದು ಕಂಡಕ್ಟರ್ ಸೀಟಿ ಊದುವುದರೊಳಗೆ, ಕೆಲಸ ಅಂದರೆ ಹಾಗಿರಬೇಕು. ಅಲ್ಲಿ ಗೇಟಿನ ಹತ್ತಿರ ಕೂತವಳು ಓಬವ್ವನೇ ಅಲ್ಲವೇ, ಹೆಸರು ಹೋದದ್ದು ಪಾಪ ಗೊತ್ತಿಲ್ಲ ಅಂತ ಕಾಣುತ್ತದೆ, ಮಡಿಲಲ್ಲಿ ಖಾಲಿ ಬುಟ್ಟಿ ಬೇರೆ, ಔಷಧಿ ಪಂಪನ್ನು ಯಾರಾದರೂ ಬುಟ್ಟಿಯಲ್ಲಿ ಒಯ್ಯುತ್ತಾರೆಯೇ, ಮತ್ತೆ ಕೂಗಿತು ಆ ಹುಂಜ.

ದ್ರಾಕ್ಷಾಯಣಮ್ಮ, ನಂದಿಗುಡಿ, ಎಂದು ಜವಾನ ಕರೆದ, ಧೋತರ ಕೊಡವಿ ಎದ್ದು ಒಳಗೆ ಹೋದರೆ ಅಧಿಕಾರಿಯ ಮೇಜಿನ ಪಕ್ಕ ಬಿದಿರಿನ ಪಂಜರ, ಹತ್ತು ಬಿಳಿ ಹೇಂಟೆ, ಒಂದು ಬಿಳಿ ಹುಂಜ, ಅದರ ನೆತ್ತಿಯ ಮೇಲೆ ಕೆಂಪು ಜುಟ್ಟು — ತಗಳ್ರಿ ಗೌಡ್ರೆ, ಅಂದ ಅಧಿಕಾರಿ, ಸೀಮೆ ಕೋಳಿ, ಎರಡು ವರ್ಷ ಮನೆಯಾಗೇ ಸಾಕ್ಬೇಕು, ತಿಂಗ್ಳಿಗೊಮ್ಮೆ ನಾವೇ ಬಂದು ನೋಡ್ತೀವಿ. ಕೋಳಿ, ನಮ್ಮ ಮನೆಗೆ, ಮೂರು ತಲೆಮಾರಿನಿಂದ ಮೊಟ್ಟೆಯ ಸಿಪ್ಪೆ ಕಾಣದ ಅಂಗಳಕ್ಕೆ, ಸೋಮವಾರ ಸ್ವಾಮಿಗಳ ಪಾದಪೂಜೆ, ದ್ರಾಕ್ಷಾಯಣಮ್ಮ ಆಗಲೇ ಗೋಡೆಗೆ ಸುಣ್ಣ ಬಳಿಸಿದ್ದಾಳೆ, ಸ್ವಾಮಿಗಳು ಪಾದ ಚಾಚುವ ಹೊತ್ತಿಗೆ ಈ ಕೆಂಪು ಜುಟ್ಟು ಬಾಗಿಲಲ್ಲಿ ಇಣುಕಿದರೆ — ಬ್ಯಾಡ ಅನ್ನಂಗಿಲ್ರಿ, ಅಂದ ಅಧಿಕಾರಿ, ಬ್ಯಾಡ ಅಂತ ಬರದ್ರೆ ಮುಂದೆ ಬರೋ ನೀರಿನ ಪಂಪುಸೆಟ್ಟಿನ ಪಟ್ಟಿಯಿಂದ ನಿಮ್ಮನೆ ಹೆಸರು ಹೋಗ್ತೈತೆ. ಇರಲಿ, ಎದೆಗುಂದುವ ಆಳಲ್ಲ ಕೊಟ್ಟೂರಪ್ಪ, ಇಂಥ ಗಂಟು ಎಷ್ಟು ಬಿಚ್ಚಿಲ್ಲ, ಓಬವ್ವನನ್ನು ಬಾಗಿಲ ಮರೆಗೆ ಕರೆದು ಮೆತ್ತಗೆ ಹೇಳಿದ, ಕೋಳಿ ನಿನ್ನ ಹಿತ್ತಲಾಗಿರ್ಲಿ, ಮೊಟ್ಟೆನೂ ನಿಂದೇ, ಹೆಸರೊಂದು ನಮ್ದಿರ್ಲಿ. ಬ್ಯಾಡ್ರಿ ಗೌಡ್ರೆ, ನಿಮ್ಮ ಹೆಸರಿನ ಹುಂಜ ನನ್ನ ಹಿತ್ತಲಾಗ ಯಾಕ ಕೂಗ್ಬೇಕು, ನನ್ನ ಹೆಸರಿಗೆ ಬಂದ್ರೆ ಈಗ್ಲೇ ಒಯ್ತೀನಿ. ಮೆತ್ತಗೆ ಹೇಳಲೇ ಇಲ್ಲ ಅವಳು, ಅಧಿಕಾರಿಗೂ ಕೇಳಿಸಿತು, ನಕ್ಕು ಹಾಳೆ ತಳ್ಳಿದ, ಅದಕ್ಕೇನ್ರಿ, ನಿಮ್ಮನೆಯೋರ ಹೆಸರು ಹೊಡೀರಿ, ಆ ಯಮ್ಮನ ಹೆಸರು ಬರೀರಿ, ಕಾರಣಕ್ಕೆ ಆಗ ಬರ್ದಿದ್ರಲ್ಲ, ಅದನ್ನೇ ಬರೀರಿ, ಬ್ಯಾಡ ಅಂದಂಗಾಗಲ್ಲ, ಪಂಪುಸೆಟ್ಟಿಗೆ ತೊಂದ್ರಿಲ್ಲ.

ಇಷ್ಟೇ ತಾನೇ, ಒಂದು ಗೆರೆ, ಒಂದು ಮಾತು, ಪೆನ್ಸಿಲ್ ತೆಗೆದು ದ್ರಾಕ್ಷಾಯಣಮ್ಮನ ಹೆಸರಿನ ಮೇಲೆ ಗೆರೆ ಎಳೆದ, ಇನ್ನು ಕಾರಣ — ಈ ಪಟ್ಟಿಯನ್ನು ಚಾವಡಿ ಗೋಡೆಗೆ ಅಂಟಿಸುತ್ತಾರೆ, ಊರೆಲ್ಲ ಓದುತ್ತದೆ, ದ್ರಾಕ್ಷಾಯಣಮ್ಮ ಯೋಗ್ಯರಲ್ಲ, ಓದಲು ಬಾರದವರು ಓದಿಸಿಕೊಂಡು ಕೇಳುತ್ತಾರೆ, ಮೊನ್ನೆ ಓಬವ್ವನ ಹೆಸರು ಹೊಡೆದ ಪಟ್ಟಿಯನ್ನೂ ಅಂಟಿಸಿದ್ದರಲ್ಲವೇ, ಹಾಗಾದರೆ ಓಬವ್ವನಿಗೆ ಗೊತ್ತಿತ್ತು, ಗೋಡೆಯ ಮುಂದೆ ನಿಂತು ಯಾರದೋ ಬಾಯಿಂದ ಕೇಳಿದ್ದಳು, ಯೋಗ್ಯರಲ್ಲ, ಕೇಳಿಯೂ ಬುಟ್ಟಿ ಹಿಡಿದು ಬಂದಳು, ಛೆ, ನಾಚಿಕೆಯಾಯಿತು ಕೊಟ್ಟೂರಪ್ಪನಿಗೆ, ಯೋ ಎಂದು ಬರೆದ, ಮುಂದಿನ ಅಕ್ಷರಕ್ಕೆ ಕೈ ಏಳಲಿಲ್ಲ, ಪಂಜರದ ಸಂದಿಯಿಂದ ಹುಂಜ ಕತ್ತು ಹೊರಗೆ ಹಾಕಿತು, ಕೆಂಪು ಜುಟ್ಟು, ಹಾಳೆಯ ಮೇಲೆ ಕೆಂಪು ಗೆರೆ, ಕೆಂಪು ಜುಟ್ಟು —