ದೀಪದೊಳಗಿನ ಕೆಂಪು ಬಳೆ

ಶನಿವಾರ ಮಧ್ಯಾಹ್ನ ಕಲಬುರಗಿಯ ಖೂಬಾ ಪ್ಲಾಟಿನ ಒಂದು ಮನೆಯ ಅಡುಗೆಮನೆಯಲ್ಲಿ ಕಾದ ಪ್ಲಾಸ್ಟಿಕ್ಕಿನ ವಾಸನೆ ತುಂಬಿತ್ತು. ಮಲ್ಲಿಕಾ ಕೇಕ್ ಮಾಡಲೆಂದು ಕೊಂಡ ಓವನ್ನಿನಲ್ಲಿ ಅವಳ ಗಂಡ ಸುನೀಲಕುಮಾರ ಕಾರಿನ ಹೆಡ್‌ಲೈಟುಗಳನ್ನು ಒಂದೊಂದಾಗಿ ಇಟ್ಟು ಕಾಯುತ್ತ ಕೂತಿದ್ದ. ಬಿಸಿಗೆ ಅಂಚಿನ ಅಂಟು ಮೆತ್ತಗಾದರೆ ಮುಂದಿನ ಗಾಜನ್ನು ಒಡೆಯದಂತೆ ಬಿಡಿಸಬಹುದು. ಆಮೇಲೆ ಒಳಗೆ ಏನು ಬೇಕಾದರೂ ಮಾಡಬಹುದು.

“ರೊಟ್ಟಿ ಬೇಯೋ ಮನ್ಯಾಗ ಕಾರಿನ ಕಣ್ಣು ಬೇಯಿಸ್ಲಾಕತ್ತಾನ ನೋಡು ನನ್ನ ಮಗ,” ಎಂದು ಅವನ ತಾಯಿ ಸೂಗಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು.

ಸುನೀಲ ನಕ್ಕ. ನೆಹರು ಗಂಜ್ ಮಾರುಕಟ್ಟೆಯಲ್ಲಿ ಅವನದು ತೊಗರಿ ಬೇಳೆಯ ಅಂಗಡಿ. ವಾರವಿಡೀ ಧೂಳು, ಹಮಾಲರ ಕೂಗು, ಚೌಕಾಸಿ. ಈ ಕೆಲಸಕ್ಕೆ ಕೂತರೆ ಮಾತ್ರ ಅವನ ಕೈ ನಿಧಾನವಾಗುತ್ತಿತ್ತು, ಮುಖ ಸಡಿಲಾಗುತ್ತಿತ್ತು. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತಿದ್ದ. ಒಳಗಿನ ಬೆಳ್ಳಿಬಣ್ಣದ ಅಂಚಿಗೆ ಕಪ್ಪು ಬಳಿದ; ಮೊದಲಿದ್ದ ಹಳದಿ ಬಲ್ಬ್ ತೆಗೆದು ಅದಕ್ಕಿಂತ ಎಷ್ಟೋ ಪಟ್ಟು ಪ್ರಖರವಾದ ಬಿಳಿ ಬಲ್ಬ್ ಕೂರಿಸಿದ. ಅದರ ಸುತ್ತ, ದೊಡ್ಡ ಬೆಳಕು ಆರಿದಾಗಲೂ ಉರಿಯುವ ಬಳೆಯಂಥ ಒಂದು ದೀಪ ಇಡಬೇಕಿತ್ತು.

“ನೀಲಿ ಹಾಕ್ಲೋ, ಕೆಂಪು ಹಾಕ್ಲೋ?” ಎಂದು ಹೆಂಡತಿಯನ್ನು ಕೇಳಿದ.

ಮಲ್ಲಿಕಾ ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದಳು. “ಕೆಂಪು ಹಾಕ್ರಿ. ಚಂದ ಕಾಣಸ್ತದ.”

ಮರುದಿನ ಹುಮನಾಬಾದಿನಲ್ಲಿ ನೆಂಟರ ಮಗುವಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ಊಟ ಮುಗಿಸಿ ಗಂಡ ಹೆಂಡತಿ ತಿರುಗಿ ಹೊರಟಾಗ ಸಂಜೆಯಾಗಿತ್ತು. ಡಿಸೆಂಬರಿನ ಹೊತ್ತು, ಬೇಗ ಕತ್ತಲಾಯಿತು. ಸುನೀಲ ದೀಪ ಹಾಕಿದಾಗ ರಸ್ತೆಯ ಮೇಲಿನ ಹರಳು ಹರಳೂ ಎದ್ದು ಕಂಡಿತು. “ನೋಡಿದೇನು? ಹಗಲಾಗಿ ಹೋತು!” ಎಂದ. ಎದುರು ಬರುವವರು ದೀಪ ಮಿಣುಕಿಸಿ ಸನ್ನೆ ಮಾಡಿದರೂ ಅವನು ಬೆಳಕನ್ನು ಕೆಳಗಿಳಿಸಲಿಲ್ಲ. ಒಬ್ಬ ಲಾರಿಯವನು ಕಿಟಕಿಯಿಂದ ಏನೋ ಬೈದು ಹೋದ.

ಕಮಲಾಪುರ ಹತ್ತಿರವಾದಾಗ ಎದುರಿಗೆ ಒಂದು ಸಣ್ಣ ದೀಪ ಕಂಡಿತು. ಮೊಪೆಡ್ ಇರಬೇಕು. ಸುನೀಲ ಎರಡು ಸಲ ಬೆಳಕನ್ನು ಆರಿಸಿ ಹೊತ್ತಿಸಿದ. ಆ ಸಣ್ಣ ದೀಪ ಅತ್ತಿತ್ತ ತೂಗಾಡಿ ಸರಕ್ಕನೆ ರಸ್ತೆಯ ಅಂಚಿಗೆ ಹೋಯಿತು.

“ಹ್ಯಾಂಗ ದಾರಿ ಬಿಟ್ಟ ನೋಡು!” ಎಂದು ಸುನೀಲ ನಕ್ಕ.

ಮಲ್ಲಿಕಾ ಹಿಂದೆ ತಿರುಗಿ ನೋಡಿದಳು. ಹಿಂದೆ ಕತ್ತಲೆ ಬಿಟ್ಟರೆ ಏನೂ ಇರಲಿಲ್ಲ. “ಆ ದೀಪ ಕಾಣವಲ್ದು. ಒಂದೀಟ ನಿಲ್ಸ್ರಿ.”

“ಹೊಲದ ದಾರಿ ಹಿಡದು ಹೋಗಿರ್ತಾನ ಬಿಡು.”

ಅವಳೂ ಬಿಟ್ಟಳು.

ಮಲ್ಲಿಕಾ ಕಮಲಾಪುರದ ಪ್ರೌಢಶಾಲೆಯಲ್ಲಿ ಶಿಕ್ಷಕಿ. ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಸೋಮವಾರ ಶಾಲೆಗೆ ಹೋದಾಗ ಗೇಟಿನಲ್ಲೇ ಜವಾನನಿಂದ ಸುದ್ದಿ ಸಿಕ್ಕಿತು. ಗಣಿತ ಹೇಳುವ ಅತಿಥಿ ಶಿಕ್ಷಕಿ ರಾಧಿಕಾಳ ತಾಯಿ ಅನ್ನಮ್ಮ ತೀರಿಕೊಂಡಿದ್ದಳು. ರಾಧಿಕಾಳ ತಂದೆ ಕಾಶಿರಾಯ ಊರ ಹೊರಗಿನ ತನ್ನ ಬಾಳೆತೋಟಕ್ಕೆ ಹೆಂಡತಿಯನ್ನು ಮೊಪೆಡ್ ಮೇಲೆ ಕೂರಿಸಿಕೊಂಡು ಹೋಗುವಾಗ ಗಾಡಿ ರಸ್ತೆಬದಿಯ ಆಳವಾದ ಕಾಲುವೆಗೆ ಬಿದ್ದಿತ್ತು. ಅನ್ನಮ್ಮನ ತಲೆ ಕಲ್ಲಿಗೆ ಬಡಿದಿತ್ತು. ಕಾಶಿರಾಯನ ಎರಡೂ ಕೈ ಮುರಿದಿದ್ದವು.

“ಯಾವಾಗ?” ಎಂದು ಮಲ್ಲಿಕಾ ಕೇಳಿದಳು.

“ನಿನ್ನೆ, ಹೊತ್ತು ಮುಳುಗಿದ ಮ್ಯಾಲ್ರಿ, ಮೇಡಂ.”

ಅವಳು ಆ ದಿನ ಪಾಠ ಮಾಡಿದಳು, ಮನೆಗೆ ಬಂದಳು, ಯಾರಿಗೂ ಏನೂ ಹೇಳಲಿಲ್ಲ. ಆ ರಸ್ತೆಯಲ್ಲಿ ಸಾವಿರ ಗಾಡಿ ಓಡಾಡುತ್ತವೆ ಎಂದು ತನಗೆ ತಾನೇ ಹೇಳಿಕೊಂಡಳು.

ವಾರ ಕಳೆದ ಮೇಲೆ, ಕಾಶಿರಾಯ ಕಲಬುರಗಿಯ ದವಾಖಾನೆಯಿಂದ ಮನೆಗೆ ಬಂದನೆಂದು ತಿಳಿದು, ಮಾತಾಡಿಸಿ ಬರಲು ಹೋದಳು. ಅಂಗಳದಲ್ಲಿ ಹಾಸಿದ ಜಮಖಾನದ ಮೇಲೆ ಬಂಧುಗಳು ಕೂತಿದ್ದರು. ಕಾಶಿರಾಯ ಮಾತ್ರ ದೂರದ ಮೂಲೆಯ ಮಂಚದ ಮೇಲೆ ಎರಡೂ ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದ. ಅವನ ಹತ್ತಿರ ಯಾರೂ ಇರಲಿಲ್ಲ. ಅನ್ನಮ್ಮನ ತಮ್ಮ ಬೀರಲಿಂಗ ಅವನಿಗೆ ಬೆನ್ನು ತಿರುಗಿಸಿ ಕೂತಿದ್ದ.

“ಕುಡುದು ನಮ್ಮಕ್ಕನ್ನ ಕೊಂದಾನ,” ಎಂದ ಬೀರಲಿಂಗ, ಮಂಚದವರೆಗೆ ಕೇಳುವಂತೆ. “ಪೊಲೀಸರೂ ಅವನ ಮ್ಯಾಲೇ ಕೇಸ್ ಹಾಕ್ಯಾರ. ಅಲಕ್ಷತನದಿಂದ ಗಾಡಿ ಓಡಿಸಿ ಹೆಂಡತಿ ಸಾಯಾಕ ಕಾರಣ ಆಗ್ಯಾನಂತ.”

“ಮಾಮಾ, ಅಪ್ಪ ಕುಡಿಯೋದು ಬಿಟ್ಟು ಎಷ್ಟು ವರ್ಷಾತು?” ರಾಧಿಕಾಳ ದನಿ ಅತ್ತು ಅತ್ತು ಒಡೆದಿತ್ತು.

“ಬಿಟ್ಟಿದ್ದರ ಕಾರಿನ ಕಣ್ಣಾಗ ಕೆಂಪು ಬಳಿ ಹ್ಯಾಂಗ ಕಂಡ್ವು? ಪೊಲೀಸರ ಮುಂದ ಹಂಗೇ ಹೇಳ್ಯಾನ. ಅವರು ಬಿದ್ದು ಬಿದ್ದು ನಕ್ಕರು.”

ಮಲ್ಲಿಕಾ ಎದ್ದು ಮಂಚದ ಹತ್ತಿರ ಹೋದಳು. “ಏನು ಕಂಡ್ರಿ, ಕಾಕಾ?”

ಕಾಶಿರಾಯ ತಲೆ ಎತ್ತಲಿಲ್ಲ. “ಮೊದಲ ಬೆಳ್ಳನ್ನ ಬೆಳಕು. ಅದು ಆರಿದಾಗ ಎರಡು ಕೆಂಪು ಬಳಿ ಕಂಡ್ವು, ಅಕ್ಕೋರ. ಮತ್ತ ಬೆಳಕು ಬಂತು. ಆಮ್ಯಾಲ ದಾರಿ ಇಲ್ಲ, ಗಾಡಿ ಇಲ್ಲ, ಏನೂ ಇಲ್ಲ. ಹಿಂದಿಂದ ಆಕಿ ‘ಸಾವಕಾಶ್’ ಅಂದದ್ದಷ್ಟೇ ಕೇಳ್ತು.” ಪಟ್ಟಿ ಹಾಕಿದ ಕೈಗಳನ್ನು ನೋಡಿಕೊಂಡು ಹೇಳಿದ: “ಎಲ್ಲಾರೂ ನಿದ್ದಿ ಹತ್ತಿರ್ಬೇಕು ಅಂತಾರ. ಹತ್ತಿತ್ತೋ ಏನೋ. ಈಗ ನನಗೂ ತಿಳೀವಲ್ದು.”

ಮನೆಗೆ ಬಂದು ಮಲ್ಲಿಕಾ ಎಲ್ಲವನ್ನೂ ಗಂಡನ ಮುಂದೆ ಹೇಳಿದಳು. ಸುನೀಲನ ಮುಖ ಬಿಳಿಚಿತು. ಆದರೆ ಮಾತು ಬೇಗ ಬಂತು.

“ನಾವು ಮುಟ್ಟೀವೇನು ಅವರಿಗೆ? ಕಾರಿಗೆ ಒಂದು ಗೀರಾದರೂ ಬಿದ್ದದೇನು? ಅಂಥಾ ಲೈಟು ಕಲಬುರಗಿಯೊಳಗ ಎಷ್ಟು ಗಾಡಿಗಿಲ್ಲ! ಕಣ್ಣು ಕುಕ್ಕಿದ್ರ ಬ್ರೇಕ್ ಹಾಕಿ ನಿಲ್ಲಬೇಕಿತ್ತು.”

“ನಾವು ನಿಂತಿದ್ದರೆ ಆಕಿ ಬದುಕ್ತಿದ್ದಳೇನೋ.”

“ಅದು ನಿನಗ ಹ್ಯಾಂಗ ಗೊತ್ತು?”

“ಗೊತ್ತಿಲ್ರಿ. ಅದಕ್ಕೇ ನಿದ್ದಿ ಬರವಲ್ದು.”

ಸೂಗಮ್ಮ ನಡುವೆ ಬಂದರು. “ಮಲ್ಲಿಕಾ, ಸತ್ತಾಕಿ ತಿರುಗಿ ಬರ್ತಾಳೇನವ್ವ? ಗಂಜ್‌ನಾಗ ನಮಗೊಂದು ಹೆಸರದ. ಆ ಲೈಟು ತಗದು ಒಗೀಲಿ, ಮುಗೀತು. ತಾನಾಗಿ ಹೋಗಿ ಕೊರಳಿಗೆ ಉರ್ಲು ಯಾಕ ಹಾಕ್ಕೋಬೇಕು?”

“ಅವರ ಕೊರಳಿಗೆ ಆಗ್ಲೇ ಬಿದ್ದದ, ಅತ್ತೀ. ಹೆಂಡತಿನ್ನ ಕೊಂದವ ಅಂತ ಸ್ವಂತ ಮಂದೀನೇ ಅವರಿಗೆ ನೀರು ಕುಡಿಸವಲ್ರು.”

ಸುನೀಲ ಎದ್ದು ಹೊರಗೆ ಹೋದ.

ಮೂರನೇ ದಿನ ಸಂಜೆ ಮಲ್ಲಿಕಾ ಸ್ಕೂಟಿಯ ಕೀಲಿ ತಂದು ಗಂಡನ ಕೈಯಲ್ಲಿಟ್ಟಳು. “ನಿಲ್ಲಬೇಕಿತ್ತು ಅಂದ್ರಲ್ಲ. ಒಮ್ಮೆ ನೀವೇ ಎದುರಿಗೆ ಬರ್ರಿ. ಆಮ್ಯಾಲ ನಾ ಏನೂ ಕೇಳೂದಿಲ್ಲ.”

ಜಗಳ ಮುಗಿದರೆ ಸಾಕೆಂದು ಅವನು ಒಪ್ಪಿದ. ಕತ್ತಲಾದ ಮೇಲೆ ಊರ ಹೊರಗೆ ಇನ್ನೂ ಮನೆ ಏಳದ ಹೊಸ ಬಡಾವಣೆಯ ಉದ್ದನೆಯ ರಸ್ತೆಯಲ್ಲಿ ಕಾರು ನಿಲ್ಲಿಸಿ, ಯಾವ ಗುಂಡಿ ಒತ್ತಬೇಕೆಂದು ಅವಳಿಗೆ ತೋರಿಸಿಕೊಟ್ಟು, ಹಿಂದಿನಿಂದ ಅವಳು ಓಡಿಸಿ ತಂದಿದ್ದ ಸ್ಕೂಟಿಯನ್ನು ತಾನು ತೆಗೆದುಕೊಂಡು ಆ ತುದಿಗೆ ಹೋದ.

ಅವನು ಬರುತ್ತಿರುವುದು ಕಂಡಾಗ ಮಲ್ಲಿಕಾ ಬೆಳಕು ಹಾಕಿದಳು.

ಸುನೀಲನ ಎದುರಿನ ಜಗತ್ತು ಅಳಿಸಿಹೋಯಿತು. ರಸ್ತೆಯ ಅಂಚು, ವಿದ್ಯುತ್ ಕಂಬ, ತನ್ನದೇ ಕೈ, ಯಾವುದೂ ಕಾಣಲಿಲ್ಲ. ಬ್ರೇಕ್ ಹಿಡಿದರೆ ಬೀಳುತ್ತೇನೆನಿಸಿತು; ಹಿಡಿಯದಿದ್ದರೆ ಎಲ್ಲಿಗೆ ಹೋಗುತ್ತೇನೆಂದು ತಿಳಿಯಲಿಲ್ಲ. ಎರಡೂ ಕಾಲನ್ನು ನೆಲಕ್ಕೆ ಎಳೆಯುತ್ತ, ಹೊಯ್ದಾಡುತ್ತ, ಹೇಗೋ ನಿಂತ. ಆಗ ಮಗ್ಗುಲಿಂದ ಒಬ್ಬ ಮುದುಕಿಯ ಕೂಗು ಕೇಳಿತು.

“ಮೈಮ್ಯಾಲೇ ಬರ್ತೀಯಲ್ಲೋ, ಮಗಾ! ಕಣ್ಣಿಲ್ಲೇನು ನಿನಗ?”

ಬೆಳಕು ಆರಿತು. ಒಂದು ಮಾರು ದೂರದಲ್ಲಿ, ತಲೆಯ ಮೇಲೆ ಮೇವಿನ ಹೊರೆ ಹೊತ್ತ ಮುದುಕಿ ನಿಂತಿದ್ದಳು. ಅವನು ಅವಳನ್ನು ಕಂಡೇ ಇರಲಿಲ್ಲ. ಅವಳು ಗೊಣಗುತ್ತ ಹೋದ ಮೇಲೂ ಅವನು ಅಲ್ಲೇ ನಿಂತಿದ್ದ. ಮಲ್ಲಿಕಾ ಹತ್ತಿರ ಬಂದಾಗ ಸ್ಕೂಟಿಯ ಕೀಲಿಯನ್ನು ಅವಳ ಕೈಯಲ್ಲಿಟ್ಟ.

“ಅವರ ಹಿಂದ ಹೆಂಡತಿ ಬೇರೆ ಕುಂತಿದ್ದಳು,” ಎಂದ.

ಮರುದಿನ ಮುಂಜಾನೆ ಇಬ್ಬರೂ ಕಮಲಾಪುರಕ್ಕೆ ಹೋದರು. ಕಾಶಿರಾಯನ ಮನೆಯ ಮುಂದೆ ಕಾರು ನಿಲ್ಲಿಸಿ ಸುನೀಲ ಇಳಿದ. ಅಂಗಳದಲ್ಲಿ ಬೀರಲಿಂಗ, ರಾಧಿಕಾ, ಇನ್ನೂ ಒಬ್ಬಿಬ್ಬರು ಇದ್ದರು. ಸುನೀಲ ಕೂರಲಿಲ್ಲ.

“ಆ ಸಂಜಿ ಎದುರಿಗೆ ಬಂದದ್ದು ನನ್ನ ಕಾರು,” ಎಂದ. “ಆ ಲೈಟು ಮನ್ಯಾಗ ಬಿಚ್ಚಿ ನಾನೇ ಮಾಡಿದ್ದು. ನೀವು ದಾರಿ ಬಿಟ್ರಿ ಅನಕೊಂಡು ನಕ್ಕೋತ ಹೋದೆ. ಈಗ ಠಾಣೆಗೆ ಹೋಗಿ ಬರಸ್ತೀನಿ. ಅದಕ್ಕೂ ಮೊದಲ ನಿಮಗ ಹೇಳಬೇಕಿತ್ತು.”

“ಬಣ್ಣ ಆರಿಸಿದಾಕಿ ನಾನು,” ಎಂದಳು ಮಲ್ಲಿಕಾ. “ನಾನೂ ಅದೇ ಕಾರಿನ್ಯಾಗಿದ್ದೆ, ರಾಧಿಕಾ. ನಿಲ್ಸ್ರಿ ಅಂತ ಹೇಳಿದೆ. ನಿಲ್ಸೂತನಕ ಬಿಡಬಾರದಿತ್ತು. ಬಿಟ್ಟೆ.”

ರಾಧಿಕಾ ಅವಳನ್ನೇ ನೋಡಿದಳು. ಶಾಲೆಯ ಒಂದೇ ಕೋಣೆಯಲ್ಲಿ ಜೊತೆಗೆ ಕೂತು ಬುತ್ತಿ ಬಿಚ್ಚಿ ಉಂಡ ಮುಖ ಅದು. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಆ ಬಾಗಿಲು ಮಲ್ಲಿಕಾಳಿಗೆ ಆಮೇಲೂ ತೆರೆಯಲಿಲ್ಲ.

ಬೀರಲಿಂಗ ಒಂದೇ ನೆಗೆತಕ್ಕೆ ಬಂದು ಸುನೀಲನ ಕೊರಳಪಟ್ಟಿ ಹಿಡಿದ. ಸುನೀಲ ಬಿಡಿಸಿಕೊಳ್ಳಲಿಲ್ಲ. ಹಾಗೇ ನಿಂತು ಕೈಯಲ್ಲಿದ್ದ ಕೀಲಿಯನ್ನು ಮಲ್ಲಿಕಾಳತ್ತ ಚಾಚಿದ. ಅವಳು ಹೋಗಿ ಕಾರಿನ ದೀಪ ಹಾಕಿದಳು. ಮುಂಜಾನೆಯ ಬಿಸಿಲಿನಲ್ಲಿ ಎರಡು ಕೆಂಪು ಬಳೆಗಳು ಮಂಕಾಗಿ ಹೊತ್ತಿದವು.

ಬೀರಲಿಂಗನ ಹಿಡಿತ ತಾನಾಗಿ ಸಡಿಲಿತು.

ಕಾಶಿರಾಯ ಮಂಚದಿಂದ ಇಳಿಯಲು ನೋಡಿದ. ಊರಲು ಕೈ ಇರಲಿಲ್ಲ. ಕೂತಲ್ಲಿಂದಲೇ ಬಹಳ ಹೊತ್ತು ಆ ದೀಪಗಳನ್ನು ದಿಟ್ಟಿಸಿದ. ಅವನು ಬೈಯುತ್ತಾನೆ, ಶಪಿಸುತ್ತಾನೆ ಎಂದು ಸುನೀಲ ಕಾದ.

“ಹಂಗಾರ ನಂಗ ನಿದ್ದಿ ಹತ್ತಿರಲಿಲ್ಲ,” ಎಂದ ಕಾಶಿರಾಯ. ಅಲ್ಲಿದ್ದವರಲ್ಲಿ ಯಾರಿಗೂ ಅಲ್ಲ, ತನಗೆ ತಾನೇ ಹೇಳಿಕೊಂಡಂತೆ. “ಕಣ್ಣು ತೆರಕೊಂಡೇ ಇದ್ದೆ.”

ಅವನ ಕಣ್ಣಿಂದ ನೀರು ಇಳಿದು ಗಡ್ಡದೊಳಗೆ ಹೋಯಿತು. ಒರೆಸಿಕೊಳ್ಳಲು ಅವನಿಗೆ ಆಗಲಿಲ್ಲ.

ಬೀರಲಿಂಗ ಸುನೀಲನತ್ತ ತಿರುಗಿದ. “ಠಾಣೆಗೆ ನಾನೂ ಬರ್ತೀನಿ. ನಿಂದ್ರು ಇಲ್ಲೇ.”

ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದುಕೊಂಡು ಮಂಚದ ಹತ್ತಿರ ಹೋದ. ಅಕ್ಕನ ಗಂಡನ ಮುಖ ಒರೆಸಿದ. ಹರವಿಯಿಂದ ಒಂದು ತಂಬಿಗೆ ನೀರು ತುಂಬಿ ತಂದು, ಒಂದು ಕೈಯಿಂದ ಅವನ ತಲೆಯ ಹಿಂಭಾಗಕ್ಕೆ ಆಸರೆ ಕೊಟ್ಟು, ತುಟಿಗೆ ಹಿಡಿದ.

“ಕುಡಿ, ಮಾಮಾ,” ಎಂದ. “ಸಾವಕಾಶ್.”